ಒಣಗದ ಕೌದಿ

"ಚಪ್ಪಲಿ ಹಾಕ್ಕೊಂಡ ಬರ್ರಿ ಅಕ್ಕಾರ, ಇದೇನು ಗುಡಿ ಅಲ್ಲ" ಎಂದು ಸಂಗ್ರಹಾಲಯ ತೋರಿಸುವ ಹುಡುಗಿ ಸಪ್ನಾ ಮತ್ತೊಮ್ಮೆ ಹೇಳಿದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮುರಗೋಡದಿಂದ ಬಂದ ಹೆಂಗಸರೆಲ್ಲ ಆಗಲೇ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ಸೆರಗು ಸರಿಮಾಡಿಕೊಂಡು, ಒಳಗಿನ ನುಣ್ಣನೆಯ ನೆಲದ ಮೇಲೆ ಬರಿಗಾಲಿಟ್ಟಿದ್ದರು. ಬಾಯವ್ವ ಹೊಸ್ತಿಲು ಮುಟ್ಟಿ ಹಣೆಗೆ ಒತ್ತಿಕೊಂಡದ್ದೂ ಆಗಿತ್ತು. ಎಲ್ಲರಿಗಿಂತ ಮುಂದೆ ನಿಂತಿದ್ದ ಅನ್ನಪೂರ್ಣಾ ಸಪ್ನಾಳ ಕಡೆ ನೋಡಿ, ಹಳ್ಳಿ ಮಂದಿ, ಇರಲಿ ಬಿಡಿ ಎನ್ನುವಂತೆ ನಕ್ಕಳು. ಹೆಂಗಸರ ಸಂಘದ ಅಧ್ಯಕ್ಷೆ ಅವಳೇ. ಈ ಮಂದಿಯನ್ನೆಲ್ಲ ಕ್ರೂಸರ್ ಗಾಡಿಯಲ್ಲಿ ತುಂಬಿಸಿಕೊಂಡು ಬೈಲಹೊಂಗಲದತನಕ ಕರೆತಂದವಳೂ ಅವಳೇ.

ಹೊರಡಿಸುವುದೇ ಒಂದು ದೊಡ್ಡ ರಾಮಾಯಣವಾಗಿತ್ತು. ಸಂಘದವರೆಲ್ಲ ಎಲ್ಲಮ್ಮನ ಗುಡ್ಡಕ್ಕೆ ಹೋಗೋಣ ಎಂದರೆ, ಅನ್ನಪೂರ್ಣಾ ಒಬ್ಬಳೇ ಹಟ ಹಿಡಿದಿದ್ದಳು. ಗುಡ್ಡ ಎಲ್ಲಿಗೂ ಓಡಿಹೋಗುವುದಿಲ್ಲ, ಈ ಸಲ ಏನಾದರೂ ಹೊಸದು ನೋಡೋಣ ಎಂದಿದ್ದಳು. ಬೈಲಹೊಂಗಲದ ಹೊರವಲಯದಲ್ಲಿ ಹತ್ತಿ ಹಿಂಜುವ ಹಳೆಯ ಜಿನ್ನೊಂದು ಎಷ್ಟೋ ವರ್ಷ ಬಾಗಿಲು ಹಾಕಿಕೊಂಡು ಬಿದ್ದಿತ್ತು. ಮಾಲೀಕರ ಮೊಮ್ಮಗಳು ಅದಕ್ಕೆ ಸುಣ್ಣ ಹೊಡೆಸಿ, ದೀಪ ಹಾಕಿಸಿ, ಈಗಿನ ಕಾಲದ ಕಲೆಯ ಸಂಗ್ರಹಾಲಯ ಮಾಡಿದ್ದಳು. ಹೆಂಗಸರ ಸಂಘಗಳು ಬಂದರೆ ಟಿಕೀಟಿಲ್ಲ. ವಿವರಿಸಿ ಹೇಳಲು ಒಬ್ಬ ಹುಡುಗಿ ಜೊತೆಗೆ ಬರುತ್ತಾಳೆ. ಗಾಡಿ ಹತ್ತುವಾಗ ಬಾಯವ್ವ, ದೇವಿ ದರ್ಶನಕ್ಕೆ ಹೊರಟವರನ್ನು ಈಕೆ ಹತ್ತಿ ಜಿನ್ನಿಗೆ ಕರೆದುಕೊಂಡು ಹೊಂಟಾಳೆ ಎಂದು ಎಲ್ಲರನ್ನೂ ನಗಿಸಿದ್ದಳು.

ಮೊದಲನೆಯ ಕೋಣೆಯಲ್ಲಿ ಮುರುಕು ಕುರ್ಚಿಗಳನ್ನು ಚಾವಣಿಯ ಎತ್ತರಕ್ಕೆ ಒಟ್ಟಿದ್ದರು. ಸಪ್ನಾ ಅದರ ಅರ್ಥವನ್ನು ಬಿಡಿಸಿ ಹೇಳುತ್ತಿದ್ದರೆ ಹೆಂಗಸರು ತಮ್ಮತಮ್ಮಲ್ಲೇ, ಇದು ಊರ ಪಂಚಾಯಿತಿಯ ಹಿತ್ತಲಿನಂತೆ ಇದೆಯಲ್ಲ ಎಂದು ಗುಸುಗುಸು ನಡೆಸಿದರು. ಎರಡನೆಯ ಕೋಣೆಯಲ್ಲಿ ದೊಡ್ಡ ಪರದೆಯ ಮೇಲೆ ಒಬ್ಬ ಗಂಡಸು ಒಂದೇ ಅಂಗಳವನ್ನು ಗುಡಿಸುತ್ತಲೇ ಇದ್ದ. ಗುಡಿಸಿ ಮುಗಿಸುತ್ತಲೇ ಮತ್ತೆ ಮೊದಲಿನಿಂದ ಗುಡಿಸುತ್ತಿದ್ದ. ಜೈಬುನ್ನಿಸಾ ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ನೋಡಿ, ಕಸಬರಿಗೆ ಹಿಡಿಯುವುದನ್ನೇ ಅರಿಯದವನನ್ನು ಯಾಕೆ ನಿಲ್ಲಿಸಿದ್ದೀರಿ, ನನ್ನನ್ನು ಕರೆದಿದ್ದರೆ ಬರುತ್ತಿದ್ದೆನಲ್ಲ ಎಂದಳು. ನಗು ಗೋಡೆಯಿಂದ ಗೋಡೆಗೆ ಬಡಿಯಿತು. ಇವರು ಇಷ್ಟು ದೊಡ್ಡ ದನಿಯಲ್ಲಿ ನಗುವುದು ಅನ್ನಪೂರ್ಣಾಳಿಗೆ ನಾಚಿಕೆ ತಂದಿತು. ಕಲಿತ ಹುಡುಗಿಯ ಮುಂದೆ ತನ್ನ ಮಾನ ಹೋಗುತ್ತದೆಂದು ಅವಳು ಎಲ್ಲರನ್ನೂ ಕಣ್ಣಿನಲ್ಲೇ ಗದರಿಸಿದಳು. ನಾಚಿಕೆ ಎಂದರೆ ಇಷ್ಟೇ ಎಂದು ಅವಳು ಆಗ ತಿಳಿದಿದ್ದಳು.

ಮೂರನೆಯ ಕೋಣೆಯ ಬಾಗಿಲಲ್ಲಿ ಅವಳ ಕಾಲು ತಾನಾಗಿಯೇ ನಿಂತಿತು.

ಎದುರು ಗೋಡೆಗೆ ಒಂದು ಕೌದಿಯನ್ನು ಅಂಚಿನಿಂದ ಅಂಚಿಗೆ ಹರಡಿ ತೂಗುಹಾಕಿದ್ದರು. ಮೇಲಿನಿಂದ ಹಳದಿ ಬೆಳಕು ಬಿಟ್ಟಿದ್ದರು. ಸುತ್ತಲಿನ ಗೋಡೆ ಬೆಳ್ಳಗೆ ಖಾಲಿಯಾಗಿತ್ತು. ಕೌದಿಯ ನಡುವೆ ಹಸಿರು ತುಂಡು, ಅದರ ಮಗ್ಗುಲಿಗೆ ಕೆಂಪು ದುಪಟ್ಟಾದ ತುಂಡು, ಕೆಳಗೆ ಇಳಕಲ್ ಸೀರೆಯ ಟೋಪತೆನಿ ಸೆರಗು. ಅದನ್ನೆಲ್ಲ ಅವಳು ನೋಡಬೇಕಾಗಿಯೇ ಇರಲಿಲ್ಲ. ಕೆಳಗಿನ ಅರ್ಧಕ್ಕೆ ಹರಡಿಕೊಂಡಿದ್ದ ಕಂದು ಕಲೆಯೊಂದೇ ಸಾಕಿತ್ತು. ಆ ಕಲೆಯ ಅಂಚು ಎಲ್ಲೆಲ್ಲಿ ಸೊಟ್ಟಗಿದೆ ಎನ್ನುವುದು ಅವಳ ಕೈಗೆ ಗೊತ್ತಿತ್ತು. ಎಷ್ಟು ತಿಕ್ಕಿದರೂ ಅದು ಹೋಗಿರಲಿಲ್ಲ.

ಆ ಕೌದಿ ಅವಳ ಅತ್ತೆ ಸೋಮವ್ವನದು. ಅನ್ನಪೂರ್ಣಾ ಚೊಚ್ಚಲ ಬಸುರಿಯಾಗಿದ್ದಾಗ ಸೋಮವ್ವ ಓಣಿಯ ಮನೆಮನೆಗೆ ಹೋಗಿ ಒಂದೊಂದು ಅರಿವೆಯ ತುಂಡು ಬೇಡಿ ತಂದು ಹೊಲಿದದ್ದು. ನಾಲ್ಕು ಮನೆಯ ಅರಿವೆಯ ಮೇಲೆ ಮಲಗಿದ ಕೂಸಿಗೆ ದೃಷ್ಟಿ ತಾಗುವುದಿಲ್ಲ ಎನ್ನುತ್ತಿದ್ದಳು. ಮಗ ಸಚಿನ ಅದರ ಮೇಲೆ ಮಲಗಿ, ಉಚ್ಚೆ ಹೊಯ್ದು, ಬೆಳೆದು ದೊಡ್ಡವನಾದ. ಕೂಸಿನ ಉಚ್ಚೆಗೆ ಮನೆಯಲ್ಲಿ ಯಾರೂ ಮೂಗು ಮುಚ್ಚಿಕೊಂಡಿರಲಿಲ್ಲ. ಆಮೇಲೆ ಅದೇ ಕೌದಿಯನ್ನು ಸೋಮವ್ವ ತನ್ನ ಹಾಸಿಗೆ ಮಾಡಿಕೊಂಡಳು. ಕಾಲು ಸೋತು ನೆಲ ಹಿಡಿದ ಮೇಲಂತೂ ಅದನ್ನು ಬಿಟ್ಟು ಬೇರೆಯದರ ಮೇಲೆ ಮಲಗಲಿಲ್ಲ.

ಅನ್ನಪೂರ್ಣಾ ಅತ್ತೆಯ ಸೇವೆ ಮಾಡಲಿಲ್ಲ ಎಂದು ಯಾರೂ ಹೇಳುವಂತಿರಲಿಲ್ಲ. ಹೇಲು ಉಚ್ಚೆ ಬಳಿದಳು, ಮೈ ಒರೆಸಿದಳು, ರೊಟ್ಟಿಯನ್ನು ಹಾಲಿನಲ್ಲಿ ಹಿಚುಕಿ ಉಣ್ಣಿಸಿದಳು. ಗಂಡ ಕಲ್ಮೇಶ ನಸುಕಿನಲ್ಲೇ ಪೇಟೆಯ ಅಡತಿ ಅಂಗಡಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ನೀರು ಕುಡಿದ ಕೌದಿಯನ್ನು ಒಬ್ಬಳೇ ಹಿಂಡುವುದೆಂದರೆ ಎಮ್ಮೆಯನ್ನು ಎತ್ತಿದಂತೆ. ಅವಳ ರಟ್ಟೆ ಬಿದ್ದುಹೋಗಿತ್ತು. ಸಚಿನನನ್ನು ನೋಡಲು ಹೆಣ್ಣಿನ ಕಡೆಯವರು ಬರುತ್ತಾರೆಂದು ಸುದ್ದಿ ಬಂದ ದಿನ ಅವಳು ಪಡಸಾಲೆಯಲ್ಲಿ ನಿಂತು ಮೂಗಿನಿಂದ ಉಸಿರೆಳೆದು ನೋಡಿದಳು. ಊದಿನಕಡ್ಡಿ ಹಚ್ಚಿದರೂ ಆ ವಾಸನೆ ಹೋಗಿರಲಿಲ್ಲ. ಅದೇ ಹೊತ್ತಿಗೆ ಹಳೆಯ ಅರಿವೆಗೆ ಸ್ಟೀಲ್ ಪಾತ್ರೆ ಕೊಡುವವನು ಓಣಿಯಲ್ಲಿ ಕೂಗಿಕೊಂಡು ಬಂದ. ಅತ್ತೆಯ ಮೈಯಡಿಯಿಂದ ಕೌದಿ ಎಳೆದು, ರೆಗ್ಜಿನ್ ಹಾಳೆ ಹಾಸಿ, ಕೌದಿಯನ್ನು ಅವನ ಗಂಟಿಗೆ ಹಾಕಿದಳು. ಬದಲಿಗೆ ಮುಚ್ಚಳದ ಡಬ್ಬಿಯೊಂದು ಬಂತು. ಹೆಣ್ಣಿನ ಕಡೆಯವರು ಬಂದು ಚಹಾ ಕುಡಿದು ಹೋದರು. ಆ ಸಂಬಂಧವೂ ಕೂಡಲಿಲ್ಲ.

ಸೋಮವ್ವ ಕೇಳಿದಾಗ, "ತೊಳದ ಹಾಕೇನಿ ಅತ್ತಿ, ಇನ್ನಾ ಒಣಗಿಲ್ಲ" ಎಂದಳು. ಮರುದಿನವೂ ಅದನ್ನೇ ಹೇಳಿದಳು. ಚೈತ್ರ ಹೋಗಿ ವೈಶಾಖ ಬಂತು, ಅಂಗಳದಲ್ಲಿ ಹಪ್ಪಳ ಇಟ್ಟರೆ ಚಹಾ ಕುಡಿಯುವುದರೊಳಗೆ ಒಣಗುವಂಥ ಬಿಸಿಲು. ಸೋಮವ್ವನ ಕೌದಿ ಮಾತ್ರ ಒಣಗಲಿಲ್ಲ. ಮಾತನಾಡಿಸಲು ಬಂದವರಿಗೆಲ್ಲ ಮುದುಕಿ ಅದನ್ನೇ ಹೇಳುತ್ತಿದ್ದಳು. ಇಂಥ ಬಿಸಿಲಿಗೂ ಒಂದು ಕೌದಿ ಒಣಗುವುದಿಲ್ಲವೆಂದರೆ ಹೇಗೆ, ಒಮ್ಮೆ ಮುಟ್ಟಿ ನೋಡಿ ಬರ್ರೇ ಎಂದು ಅಂಗಲಾಚುತ್ತಿದ್ದಳು. ಬಾಯವ್ವ ದಿನಾ ಬಂದು ಕೂಡುವವಳು. ಅವಳೂ ಅನ್ನಪೂರ್ಣಾಳೂ ಒಬ್ಬರ ಮುಖ ಒಬ್ಬರು ನೋಡಿ, ವಯಸ್ಸಾಯಿತು, ಅರಳು ಮರಳು ಎಂದು ನಕ್ಕಿದ್ದುಂಟು. ಮಳೆಗಾಲದ ಮುಂಚೆ ಸೋಮವ್ವ ತೀರಿಕೊಂಡಳು. ಹೂಳುವಾಗ ಕುಣಿಯಲ್ಲಿ ನನ್ನ ಕೆಳಗೆ ನನ್ನ ಕೌದಿ ಹಾಸಿರಿ ಎನ್ನುವುದು ಅವಳ ಕಡೆಯ ಆಸೆ. ಅದು ಓಣಿಗೆಲ್ಲ ಗೊತ್ತಿತ್ತು. ಕುಣಿಯತನಕ ಹೋಗದ ಓಣಿಯ ಹೆಂಗಸರಿಗೆ ಅನ್ನಪೂರ್ಣಾ, ಹಾಸಿದರಂತೆ ಎಂದು ಹೇಳಿಬಿಟ್ಟಳು. ಕಲ್ಮೇಶ ಬಾಯಿ ಬಿಡಲಿಲ್ಲ, ಉಳಿದ ಗಂಡಸರಿಗೆ ಅದರ ಗೊಡವೆಯಿರಲಿಲ್ಲ. ಅಂದಿನಿಂದ ಓಣಿಯಲ್ಲಿ ಅತ್ತೆಯಂದಿರು ಸೊಸೆಯಂದಿರನ್ನು ಬಯ್ಯಬೇಕಾದಾಗೆಲ್ಲ, ಅನ್ನಪೂರ್ಣಾಳನ್ನು ನೋಡಿ ಕಲಿ ಎನ್ನುತ್ತಿದ್ದರು.

ಈಗ ಆ ಓಣಿಯೆಲ್ಲ ಅವಳ ಬೆನ್ನ ಹಿಂದೆ ಬರುತ್ತಿತ್ತು. ಅವಳು ಬಾಗಿಲಿಗೆ ಅಡ್ಡನಿಂತು, ಹೊತ್ತಾಯಿತು, ಊಟದ ಗಂಟು ಬಿಚ್ಚೋಣ, ಗಾಡಿಯವನು ಬಯ್ಯುತ್ತಾನೆ ಎಂದಳು. ಒಳಗೆ ಬರೀ ಕೌದಿ ಇದೆ, ಕೌದಿ ನಾವು ಕಾಣದ್ದೇ ಎಂದೂ ಸೇರಿಸಿದಳು. ಹಾಗೆ ಹೇಳಬಾರದಿತ್ತು. ಕುರ್ಚಿ ನೋಡಿ, ಕಸಬರಿಗೆ ನೋಡಿ ಬೇಸತ್ತಿದ್ದ ಹೆಂಗಸರಿಗೆ ಕೌದಿ ಎಂಬ ಮಾತು ಕೇಳಿ ಜೀವ ಬಂದಂತಾಯಿತು. ಕೌದಿಯನ್ನೂ ತೂಗುಹಾಕುತ್ತಾರೇನು ಎನ್ನುತ್ತ ಅವಳ ತೋಳಿನ ಕೆಳಗಿಂದಲೇ ನುಗ್ಗಿದರು.

ಸಪ್ನಾ ಪಾಠ ಒಪ್ಪಿಸಿದಳು. ಪುಣೆಯ ಕಲಾವಿದರೊಬ್ಬರು ಗುಜರಿಯವರ ಹತ್ತಿರ, ಪಾತ್ರೆಯವರ ಹತ್ತಿರ ಇಂಥ ಕೌದಿಗಳನ್ನು ಹುಡುಕಿ ತಂದರಂತೆ. ಅವರು ಇದರ ಮೇಲೆ ಏನನ್ನೂ ಬರೆದಿಲ್ಲ, ಏನನ್ನೂ ಅಳಿಸಿಲ್ಲ. ಜನ ಬಿಸಾಕಿದ್ದನ್ನು ಎತ್ತಿ ಬೆಳಕಿಗೆ ಹಿಡಿಯುವುದೇ ಅವರ ಕಲೆ ಎಂದಳು. ಆಮೇಲೆ ಓದಿದ ಕನ್ನಡ ಬಿಟ್ಟು ತನ್ನ ಮನೆಯ ಮಾತಿಗೆ ಬಂದಳು.

"ಇಲ್ಲಿ ನೋಡ್ರಿ, ಈ ಕಲಿ ಐತೆಲ್ಲ, ಇದನ್ನ ಅವರು ತೊಳದಿಲ್ಲ. ಯಾವದೋ ದೇಶದ ನಕಾಶಿ ಇದ್ದಂಗ ಐತಿ ಅಂತ ಅವರು ಹೇಳತಾರ. ನಿಮಗೇನ ಕಾಣತೈತಿ?"

ಹೆಂಗಸರು ತಲೆ ವಾಲಿಸಿ ನೋಡಿದರು. ಒಬ್ಬಳಿಗೆ ತುಂಬಿದ ಕೆರೆ ಕಂಡಿತು. ಒಬ್ಬಳು ಅರಿಷಿಣದ ನೀರು ಚೆಲ್ಲಿರಬೇಕು ಎಂದಳು. ಇನ್ನೊಬ್ಬಳಿಗೆ ಕುಂತ ಆಕಳು ಕಂಡಿತು. ಸಪ್ನಾ ಪ್ರತಿ ಮಾತಿಗೂ ಖುಷಿಯಿಂದ ತಲೆಯಾಡಿಸುತ್ತಿದ್ದಳು. ಅಧ್ಯಕ್ಷರೇ ನಿಮಗೆ ಎಂದು ಕೇಳಿದಾಗ ಅನ್ನಪೂರ್ಣಾ ಏನೂ ಕಾಣುವುದಿಲ್ಲ ಎಂದಳು. ಅವಳ ಮೂಗಿಗೆ ಆ ವಾಸನೆ ಬಂದುಬಿಟ್ಟಿತ್ತು. ಇದು ಬರೀ ನೆನಪು, ಇಷ್ಟು ದೂರದಿಂದ ಬರಲಾರದು ಎಂದು ಗೊತ್ತಿದ್ದರೂ ಬಂದಿತ್ತು.

"ಯಾ ಅಲ್ಲಾ, ಇದು ನಂದಲ್ಲ?" ಎಂದಳು ಜೈಬುನ್ನಿಸಾ.

ಅವಳು ಕೆಂಪು ತುಂಡಿನ ಎದುರು ನಿಂತಿದ್ದಳು. ಅದರ ಒಂದು ಅಂಚಿಗೆ ಜರಿಯ ಗೋಟಾ ಇನ್ನೂ ಸ್ವಲ್ಪ ಉಳಿದಿತ್ತು. ನಿಕಾಹದ ದುಪಟ್ಟಾ, ಒಲೆಯ ಕಿಡಿ ಸಿಡಿದು ತೂತಾದ ಮೇಲೆ ಒಂದು ತುಂಡು ಕತ್ತರಿಸಿ ಕೊಟ್ಟಿದ್ದೆ, ಅಗೋ ತೂತು ಅಲ್ಲೇ ಇದೆ ಎಂದು ಎಲ್ಲರನ್ನೂ ಕರೆದು ತೋರಿಸಿದಳು. ಅಷ್ಟೇ ಸಾಕಾಯಿತು. ಒಬ್ಬೊಬ್ಬರೂ ತಮ್ಮದನ್ನು ಹುಡುಕತೊಡಗಿದರು. ತವರಿನಿಂದ ಬಂದ ಸೀರೆ, ತೀರಿಕೊಂಡ ಗಂಡ ತಲೆಗೆ ಸುತ್ತುತ್ತಿದ್ದ ಪಟಕದ ತುದಿ, ಮಗಳು ಶಾಲೆಗೆ ಹಾಕಿಕೊಂಡು ಹೋಗುತ್ತಿದ್ದ ಲಂಗ. ಸಪ್ನಾ ಮುಟ್ಟಬೇಡಿ ಮುಟ್ಟಬೇಡಿ ಎನ್ನುತ್ತಲೇ ತಾನೂ ಅವರ ನಡುವೆ ಸಿಕ್ಕಿಕೊಂಡು ನಗುತ್ತಿದ್ದಳು. ನಡುವಿನ ಹಸಿರು ತುಂಡನ್ನು ಮಾತ್ರ ಯಾರೂ ನನ್ನದೆನ್ನಲಿಲ್ಲ. ಅದು ಅನ್ನಪೂರ್ಣಾಳ ಕುಬಸದ ಸೀರೆ. ಮೊದಲ ಬಸುರಿಗೆ ತವರಿನವರು ಉಡಿಸಿದ್ದು.

ಬಾಯವ್ವನಿಗೆ ಒಂದು ಕಣ್ಣಿನ ಪೊರೆ ತೆಗೆಸಿದ್ದರು, ಇನ್ನೊಂದು ಹಾಗೇ ಇತ್ತು. ಅವಳು ಸಂದಿ ಮಾಡಿಕೊಂಡು ಮುಂದೆ ಬಂದು, ಮುಖವನ್ನು ಗೋಡೆಗೆ ತಾಗುವಷ್ಟು ಹತ್ತಿರ ಒಯ್ದು, ತನ್ನ ಇಳಕಲ್ ಸೆರಗನ್ನು ನೋಡಲಿಲ್ಲ, ಹೊಲಿಗೆ ನೋಡಿದಳು. ಸಾಲು ಸಾಲಾಗಿ ಒಂದಿಷ್ಟೂ ಸೊಟ್ಟಗಾಗದ ಹೊಲಿಗೆ.

"ಇದು ಸೋಮವ್ವನ ಕೈ" ಎಂದಳು.

ನಗು ಒಂದೊಂದಾಗಿ ನಿಂತಿತು. ಸಂಘದಲ್ಲಿ ಎಲ್ಲರಿಗಿಂತ ಚಿಕ್ಕವಳೊಬ್ಬಳು, ಯೋಚನೆಯಿಲ್ಲದೆ, ಅದನ್ನು ಕುಣಿಯಲ್ಲಿ ಹಾಸಿದರಂತಲ್ಲ ಎಂದು ಅಂದುಬಿಟ್ಟಳು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಯಾರೂ ಅನ್ನಪೂರ್ಣಾಳ ಕಡೆ ತಿರುಗಲಿಲ್ಲ. ತಿರುಗಿದ್ದರೆ ಚೆನ್ನಾಗಿತ್ತು. ಎಲ್ಲರೂ ಕೌದಿಯ ಕಡೆಗೇ ಮುಖಮಾಡಿ ನಿಂತಿದ್ದರು. ಒಬ್ಬೊಬ್ಬರ ಬೆನ್ನೂ ಒಳಗೊಳಗೇ ಲೆಕ್ಕ ಹಾಕುತ್ತಿದೆ ಎಂದು ಅವಳಿಗೆ ಅನಿಸಿತು. ಏನಾದರೂ ಹೇಳಬೇಕು. ಕಳವಾಗಿತ್ತು ಎನ್ನಲೇ, ಕುಣಿಯಿಂದ ಯಾರೋ ತೆಗೆದರು ಎನ್ನಲೇ. ಒಂದು ಸುಳ್ಳು ಮುಚ್ಚಲು ಇನ್ನೊಂದು ಸಿಗಲಿಲ್ಲ.

ಬಾಯವ್ವ ತಿರುಗದೆಯೇ, ಮೆಲ್ಲಗೆ, ಮನೆಯ ಅಂಗಳದಲ್ಲಿ ಕೇಳುವ ಹಾಗೆ ಕೇಳಿದಳು.

"ಒಣಗೇತಲ್ಲ, ಅನ್ನಪೂರ್ಣಾ?"

ಬಾಯವ್ವ ಬಯ್ದಿದ್ದರೆ ಅನ್ನಪೂರ್ಣಾಳೂ ಬಯ್ಯುತ್ತಿದ್ದಳು. ನಿಮ್ಮಲ್ಲಿ ಯಾರು ಬಂದು ಹಿಂಡಿಕೊಟ್ಟಿರಿ, ಯಾರು ಒಂದು ದಿನ ಬಂದು ಬಳಿದಿರಿ ಎಂದು ಕೇಳುತ್ತಿದ್ದಳು. ಆ ಮಾತು ಎಷ್ಟೋ ದಿನದಿಂದ ಅವಳ ಗಂಟಲಿನಲ್ಲಿ ತಯಾರಾಗಿ ಕುಳಿತಿತ್ತು. ಆದರೆ ಬಾಯವ್ವನ ದನಿಯಲ್ಲಿ ಸಿಟ್ಟಿರಲಿಲ್ಲ. ತಾನೂ ಆ ಮುದುಕಿಯನ್ನು ನೋಡಿ ನಕ್ಕಿದ್ದೆ ಎಂಬ ಸಂಕಟವಿತ್ತು. ಅದಕ್ಕೆ ತಿರುಗಿ ಬಯ್ಯಲು ಬರುವುದಿಲ್ಲ.

ಏನೊಂದೂ ಗೊತ್ತಿರದ ಸಪ್ನಾ ಹಿಗ್ಗಿ ಹೀರೇಕಾಯಿಯಾಗಿದ್ದಳು. ಕೌದಿಯ ಪಕ್ಕದ ಫಲಕವನ್ನು ತೋರಿಸಿ, ಹೊಲಿದವರು ಯಾರೋ ತಿಳಿಯದು ಎಂದು ಇಲ್ಲಿ ಬರೆದಿದೆ, ಇಷ್ಟು ತಿಂಗಳಲ್ಲಿ ಒಬ್ಬರೂ ಗುರುತು ಹಿಡಿದಿರಲಿಲ್ಲ, ಈಗ ಹೆಸರು ಹಾಕಬಹುದು ಎಂದಳು. ಫೋನು ತೆಗೆದು ಸೋಮವ್ವ ಎಂದು ಬರೆದುಕೊಂಡಳು. ಊರು ಬರೆದುಕೊಂಡಳು.

"ಅವರ ಮನಿಯವ್ರು ಯಾರರ ಬಂದೀರೇನ್ರಿ ಇಲ್ಲೆ? ಮಗಳು, ಸೊಸಿ?"

ಆಗಲೂ ಯಾರೂ ಅನ್ನಪೂರ್ಣಾಳ ಕಡೆ ನೋಡಲಿಲ್ಲ. ಜೈಬುನ್ನಿಸಾ ಬಳೆ ತಿರುವುತ್ತ ನಿಂತಳು. ಹೇಳುವುದಾದರೆ ನೀನೇ ಹೇಳು ಎಂದು ಎಲ್ಲರೂ ಸೇರಿ ಜಾಗ ಬಿಟ್ಟುಕೊಟ್ಟ ಹಾಗಿತ್ತು. ನಾನು ಸೊಸೆ, ನನ್ನ ಅತ್ತೆ ಇದನ್ನು ನನ್ನ ಕೂಸಿಗೆಂದು ಹೊಲಿದಳು. ಇಷ್ಟೇ ಹೇಳಬೇಕಾದದ್ದು. ಮಿಕ್ಕದ್ದನ್ನು ಈ ಹುಡುಗಿ ಕೇಳುತ್ತಲೂ ಇರಲಿಲ್ಲ. ಅನ್ನಪೂರ್ಣಾ ಬಾಯಿ ತೆರೆದಳು. ತೆರೆದಾಗ ಫಲಕದಲ್ಲಿ ತನ್ನ ಹೆಸರೂ, ಅದರ ಪಕ್ಕದಲ್ಲಿ ಆ ಕಲೆಯೂ ಕಂಡಂತಾಯಿತು.

"ಇಲ್ರಿ, ಅವರ ಮಂದಿ ಯಾರೂ ಬಂದಿಲ್ಲ" ಎಂದಳು. "ನಮ್ಮ ಓಣ್ಯಾಗ ಇದ್ರು. ಮುದುಕಿ. ತೀರಕೊಂಡ್ರು."

ಅಲ್ಲ ಎಂದು ಯಾರಾದರೂ ಹೇಳುತ್ತಾರೆ ಎಂದು ಅವಳು ಕಾದಳು. ಯಾರೂ ಹೇಳಲಿಲ್ಲ. ಅಷ್ಟೂ ಬಾಯಿಗಳು ಅವಳ ಮಾನ ಕಾಯ್ದವು. ಕಲಿತ ಹುಡುಗಿಯ ಮುಂದೆ ಇವರು ತನ್ನ ಮಾನ ಕಳೆಯುತ್ತಾರೆ ಎಂದು ಈಗಷ್ಟೇ ಇವರನ್ನು ಗದರಿಸಿದವಳು ಅವಳು. ನೆಲ ಬಾಯಿಬಿಡಬಾರದೇ ಅನಿಸಿತು. ಬರಿಗಾಲಿನ ಕೆಳಗೆ ನೆಲ ತಣ್ಣಗೆ ಗಟ್ಟಿಯಾಗಿಯೇ ಇತ್ತು.

ಆಕೆ ಹೇಗಿದ್ದರು, ಒಂದೆರಡು ಮಾತು ಹೇಳಿದರೆ ಅದನ್ನೂ ಹಾಕಬಹುದು ಎಂದು ಸಪ್ನಾ ಬಾಯವ್ವನನ್ನು ಕೇಳಿದಳು. ಬಾಯವ್ವ ಗೋಡೆಯ ಪಕ್ಕದ ಕಟ್ಟಿಗೆಯ ಬೆಂಚಿನ ಮೇಲೆ ಕುಳಿತು ಮೊಣಕಾಲು ನೀವಿಕೊಂಡಳು. ಸೋಮವ್ವ ಕೌದಿಯ ಕಡೆಯ ಬದಿ ಮುಚ್ಚುವ ಮುಂಚೆ ಒಳಗೆ ಒಂದು ರೊಟ್ಟಿಯ ಚೂರು ಇಡುತ್ತಿದ್ದಳು, ಕೌದಿಯ ಹೊಟ್ಟೆ ಹಸಿದಿರಬಾರದು ಎನ್ನುತ್ತಿದ್ದಳು, ಇದರಲ್ಲೂ ಯಾವುದೋ ಮೂಲೆಯಲ್ಲಿ ಇದ್ದೀತು ಎಂದಳು. ಸಪ್ನಾ ಬೆರಗಾಗಿ ಬರೆದುಕೊಳ್ಳುತ್ತಿದ್ದಳು. ಬಾಯವ್ವ ಮತ್ತೆ ಹೇಳಿದಳು.

"ಸೊಸಿ ಅಂದ್ರ ಭಾಳ ಜೀವ ಇತ್ತ್ರಿ ಆಕಿಗೆ. ಕಡೀಕ ಕಡೀಕ ಸೊಸಿ ಕೈಯಾಗಿನ ತುತ್ತು ಬಿಟ್ರ ಬ್ಯಾರೆಯವ್ರದ್ದು ಬಾಯಾಗ ತಗೋತಿದ್ದಿಲ್ಲ."

ಅದು ಚುಚ್ಚುಮಾತಾಗಿರಲಿಲ್ಲ, ನಿಜವಾಗಿತ್ತು. ಅನ್ನಪೂರ್ಣಾಳ ಬೆರಳಿನ ತುದಿಗಳಿಗೆ ಆ ಹಲ್ಲಿಲ್ಲದ ಬಾಯಿಯ ಬಿಸಿ ತಾಕಿದ ಹಾಗಾಯಿತು. ಅವಳು ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಅಳು ಬಂತು. ಅಳುವ ಹಕ್ಕನ್ನು ತಾನೇ ಈಗ ಕೈಬಿಟ್ಟೆ, ಓಣಿಯ ಯಾವುದೋ ಮುದುಕಿಗಾಗಿ ಅಳುವುದಾದರೂ ಹೇಗೆ ಎಂದು ಅದನ್ನು ನುಂಗಿಕೊಂಡಳು.

ಹೊರಡುವ ಮೊದಲು ಸಪ್ನಾ ಫೋಟೋ ಎಂದಳು. ಬಂದ ಗುಂಪಿನವರನ್ನೆಲ್ಲ ಬಾಗಿಲ ಹತ್ತಿರ ನಿಲ್ಲಿಸಿ ತೆಗೆಯುವುದು ವಾಡಿಕೆಯಂತೆ. ಆದರೆ ಇವರದನ್ನು ಇಲ್ಲೇ ತೆಗೆಯಬೇಕು, ಇದು ಇವರದೇ ಕೌದಿ ಎಂದಳು. ಹೆಂಗಸರು ಕೌದಿಯ ಮುಂದೆ ಸಾಲಾಗಿ ನಿಂತರು. ಯಾರೂ ಹೇಳದಿದ್ದರೂ ಒಬ್ಬೊಬ್ಬಳೂ ಸರಿದು ಸರಿದು ತನ್ನ ತನ್ನ ತುಂಡಿನ ಕೆಳಗೆ ಹೋಗಿ ನಿಂತಳು.

"ಫೋನ್ ಕೊಡ್ರಿ ಇಲ್ಲೆ, ನಾ ತಗೀತೇನಿ" ಎಂದಳು ಅನ್ನಪೂರ್ಣಾ. "ನೀವೂ ಹೋಗಿ ನಿಂದರ್ರಿ."

ಸಪ್ನಾ ಸಂತೋಷದಿಂದ ಫೋನು ಕೊಟ್ಟು ಸಾಲಿನ ತುದಿಗೆ ಹೋಗಿ ನಿಂತಳು. ಸಾಲಿನ ನಡುವೆ, ಹಸಿರು ತುಂಡಿನ ಕೆಳಗೆ, ಒಬ್ಬರು ನಿಲ್ಲುವಷ್ಟು ಜಾಗ ಹಾಗೇ ಉಳಿದಿತ್ತು. ಕೂಡಿ ನಿಲ್ಲಿ ಎಂದು ಸಪ್ನಾ ಹೇಳಿದಳು. ಯಾರೂ ಕದಲಲಿಲ್ಲ.

ಅನ್ನಪೂರ್ಣಾ ಫೋನನ್ನು ಮುಖದ ಮಟ್ಟಕ್ಕೆ ಎತ್ತಿದಳು. ಪರದೆಯೊಳಗೆ ಎಲ್ಲರೂ ಬಂದರು. ಕೌದಿಯೂ ಪೂರ್ತಿ ಬಂತು. ಸಪ್ನಾ ಒಬ್ಬಳೇ ಫೋನಿನ ಕಡೆ ನೋಡಿ ನಗುತ್ತಿದ್ದಳು. ಉಳಿದವರೆಲ್ಲ ಫೋನನ್ನು ದಾಟಿ, ಅದರ ಮೇಲ್ಗಡೆ, ಅವಳ ಮುಖವನ್ನೇ ನೋಡುತ್ತಿದ್ದರು.